ಬಾನೆಟ್ಟಿನ ಬಣ್ಣ ಉಟ್ಟ ಡ್ಯಾಶ್‌ಬೋರ್ಡು

ನಾನು ಒಂದು ಕಾರಿನ ಡ್ಯಾಶ್‌ಬೋರ್ಡು. ಸ್ಟೇರಿಂಗ್ ಚಕ್ರದ ಹಿಂದೆ, ಮುಂದಿನ ಗಾಜಿನ ಕೆಳಗೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಅಡ್ಡಡ್ಡ ಮಲಗಿರುತ್ತದಲ್ಲ ಪ್ಲಾಸ್ಟಿಕ್ಕಿನ ಹಲಗೆ, ಅದೇ ನಾನು. ನೀವು ನನ್ನಂಥವರನ್ನು ದಿನವೂ ನೋಡುತ್ತೀರಿ, ಆದರೆ ನೋಡಿದ್ದು ನಿಮಗೆ ನೆನಪಿರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದನ್ನು ಮುಚ್ಚಿಟ್ಟುಕೊಂಡು ಸಾಧುವಿನ ಹಾಗೆ ಕಥೆ ಹೇಳುವುದು ನನ್ನ ಕೈಲಾಗದು.

ನಾನು ಹುಟ್ಟಿದ್ದು ಕಾರ್ಖಾನೆಯೊಂದರ ದೊಡ್ಡ ಅಚ್ಚಿನಲ್ಲಿ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ, ತಣಿಸಿ, ಕಿತ್ತು ಹೊರಗೆ ಹಾಕಿದರು. ಒಂದು ಚಕ್ಕುಲಿ ಒತ್ತುವಷ್ಟು ಹೊತ್ತೂ ಹಿಡಿಯಲಿಲ್ಲ. ನನ್ನ ಬಣ್ಣ ಬೂದು. ಮೈತುಂಬ ಸಣ್ಣ ಸಣ್ಣ ಸುಕ್ಕು. ಹುಟ್ಟುವಾಗಲೇ ಮುದುಕರ ಚರ್ಮ ಕೊಟ್ಟಿದ್ದರು. ಪಕ್ಕದಲ್ಲಿ ಬಿದ್ದಿದ್ದವರೂ ನನ್ನಂತೆಯೇ ಇದ್ದುದರಿಂದ ಆಗ ನನಗೆ ಬೇಸರವೇನೂ ಆಗಲಿಲ್ಲ.

ಬೇಸರ ಶುರುವಾದದ್ದು ಕಾರು ಜೋಡಿಸುವ ಸಾಲಿಗೆ ಬಂದಾಗ. ಬಣ್ಣದ ಕೋಣೆಯಿಂದ ಬಾನೆಟ್ಟು ಇಳಿದು ಬಂತು. ದಾಳಿಂಬೆ ಹಣ್ಣಿನ ಕೆಂಪು, ಮೇಲೆ ಕನ್ನಡಿಯಂಥ ಹೊಳಪು. ಅದನ್ನು ಹಿಡಿದವರು ಕೈಗೆ ಬಿಳಿ ಗವಸು ಹಾಕಿಕೊಂಡಿದ್ದರು. ನನ್ನನ್ನು ಹಿಡಿದವನ ಕೈಯಲ್ಲಿ ಗ್ರೀಸು ಮೆತ್ತಿತ್ತು. ಬಾನೆಟ್ಟನ್ನು ಹೊರಗೆ ಕೂರಿಸಿದರು, ನನ್ನನ್ನು ಒಳಗೆ ತಿರುಪು ಹಾಕಿ ಬಿಗಿದರು. ನಡುವೆ ಒಂದು ಗಾಜು. ಅಂದಿನಿಂದ ನನ್ನ ಆಯುಸ್ಸು ಪೂರ್ತಿ ಆ ಗಾಜಿನಾಚೆ ಹೊಳೆಯುವ ಅದರ ಬೆನ್ನು ನೋಡುವುದರಲ್ಲೇ ಕಳೆಯಿತು.

ಮೊದಲು ನಮ್ಮನ್ನು ಕೊಂಡವರು ಮೈಸೂರಿನ ವಕೀಲರು, ಜಯಕೀರ್ತಿ ಅಂತ. ಒಳ್ಳೆಯವರೇ. ಬೆಳಿಗ್ಗೆ ಎದ್ದು, ಪಂಚೆ ಎತ್ತಿಕಟ್ಟಿ, ಬಾನೆಟ್ಟನ್ನು ಒದ್ದೆ ಬಟ್ಟೆಯಲ್ಲಿ ತಾವೇ ಒರೆಸುತ್ತಿದ್ದರು. ಕಾಗೆ ಹಿಕ್ಕೆ ಹಾಕಿದರೆ ಸ್ವಂತ ಮಗನ ಮೇಲೆ ಹಾಕಿದಷ್ಟು ಸಂಕಟಪಡುತ್ತಿದ್ದರು. ನನ್ನ ಮೇಲೆ ಮಾತ್ರ ಹಳೇ ಫೈಲು, ಕನ್ನಡಕದ ಡಬ್ಬಿ, ತಿಂದು ಬಿಟ್ಟ ಕಡಲೆಕಾಯಿ ಸಿಪ್ಪೆ. ಕಣ್ಣು ಮಂಜಾದ ಮೇಲೆ ಅವರು ಕಾರು ಮಾರಿದರು. ಹೊರಡುವಾಗ ಬಾನೆಟ್ಟನ್ನು ಸವರಿ ಕಣ್ಣೊರೆಸಿಕೊಂಡರು. ನನ್ನಿಂದ ಕನ್ನಡಕದ ಡಬ್ಬಿ ಎತ್ತಿಕೊಂಡರು.

ಕೊಂಡವನು ನಂಜನಗೂಡಿನ ನಾಗಮಲ್ಲಪ್ಪ. ಅವನದು ಹಿಟ್ಟಿನ ಗಿರಣಿ. ರೆಪ್ಪೆಯ ಮೇಲೂ ರಾಗಿಹಿಟ್ಟು ಕೂರಿಸಿಕೊಂಡೇ ಕಾರು ಹತ್ತುತ್ತಿದ್ದ. ಅವನು ಸೀನಿದರೆ ನನ್ನ ಮೇಲೊಂದು ಪದರ ಬೀಳುತ್ತಿತ್ತು. ಅವನ ಹೆಂಡತಿ ವನಜಾಕ್ಷಿಗೆ ಇದು ಸೇರುತ್ತಿರಲಿಲ್ಲ. ಶುಕ್ರವಾರ ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಅವಳು ಒಂದು ಹಳೇ ಬನಿಯನ್ ಬಟ್ಟೆಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ನನ್ನ ಮೈಯೆಲ್ಲ ಉಜ್ಜುತ್ತಿದ್ದಳು. ಬೂದು ಬಣ್ಣ ಸ್ವಲ್ಪ ಕಪ್ಪಾಗಿ ಮಿನುಗುತ್ತಿತ್ತು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಉಪಚಾರ ಅದೊಂದೇ. ವರ್ಷಗಟ್ಟಲೆ ಕುಡಿದ ಎಣ್ಣೆ ನನ್ನ ಸುಕ್ಕುಗಳಲ್ಲೆಲ್ಲ ಇಳಿದು ಕೂತಿತ್ತು.

ಹಾಗಂತ ಹೊಟ್ಟೆ ತಣ್ಣಗಾಯಿತೆಂದುಕೊಳ್ಳಬೇಡಿ. ಆಯುಧಪೂಜೆ ಬಂದರೆ ನನ್ನ ಉರಿ ಹೇಳತೀರದು. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಅಗಲಕ್ಕೆ ಚೆಂಡುಹೂವಿನ ಹಾರ. ಅದರ ಮುಂದೆ ಕುಂಬಳಕಾಯಿ ಒಡೆಯುತ್ತಿದ್ದರು, ಕರ್ಪೂರ ಬೆಳಗುತ್ತಿದ್ದರು. ನನ್ನ ನೆತ್ತಿಯ ಮೇಲೆ ಅಂಟು ಹಾಕಿ ಕೂರಿಸಿದ್ದ ಪುಟ್ಟ ನಂದಿಗೆ ಒಂದು ಹೂವು ಬೀಳುತ್ತಿತ್ತು, ನಿಜ. ಅದು ನಂದಿಗೆ, ನನಗಲ್ಲ.

ಇಂಥ ಉರಿ ನನಗೊಬ್ಬನಿಗೇ ಅಂದುಕೊಂಡಿದ್ದೆ. ನಾಗಮಲ್ಲಪ್ಪನ ಹತ್ತಿರವೂ ಇದೆಯೆಂದು ತಿಳಿದದ್ದು ಅವನ ಷಡ್ಡಕ ಕಾರು ಕೊಂಡಾಗ.

ವನಜಾಕ್ಷಿಯ ಅಪ್ಪ ಪುಟ್ಟಬುದ್ಧಪ್ಪನವರು ಅದೇ ಊರಿನಲ್ಲಿ ಬಾಳೆಹಣ್ಣಿನ ಮಂಡಿ ಇಟ್ಟಿದ್ದವರು. ಅವರಿಗೆ ಮೂವರು ಹೆಣ್ಣುಮಕ್ಕಳು. ವನಜಾಕ್ಷಿ ದೊಡ್ಡವಳು. ನಡುವಿನವಳು ಸುಗುಣ, ಅವಳ ಗಂಡ ಗುರುಸ್ವಾಮಿ, ಚಾಮರಾಜನಗರದಲ್ಲಿ ಔಷಧಿ ಅಂಗಡಿ. ಕೊನೆಯವಳು ತೀರ್ಥ, ಅವಳಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವಣಗಿತ್ತಿಯನ್ನು ಮದುವೆಮನೆಗೆ ಕರೆದುಕೊಂಡು ಹೋಗುವುದು ಹಿರಿಯ ಅಳಿಯನೇ, ಅವನು ತಂದ ಬಂಡಿಯಲ್ಲೇ. ಸುಗುಣಳನ್ನು ನಾಗಮಲ್ಲಪ್ಪನೇ ಬಾಡಿಗೆ ಜೀಪಿನಲ್ಲಿ ಕರೆದೊಯ್ದಿದ್ದ. ಆ ಮನೆಯಲ್ಲಿ ಅವನಿಗಿದ್ದ ಮರ್ಯಾದೆಗೆ ಅದೇ ಸಾಕ್ಷಿ. ಗಿರಣಿಗೆ ಬಂದವರಿಗೆಲ್ಲ ಅವನು ಆ ಜೀಪಿನ ಕಥೆಯನ್ನು ಹಿಟ್ಟಿನ ಜೊತೆಗೇ ತೂಗಿ ಕೊಡುತ್ತಿದ್ದ.

ಒಂದು ಭಾನುವಾರ ಮಾವನ ಮನೆಯ ಮುಂದೆ ನಮ್ಮ ಪಕ್ಕದಲ್ಲೇ ಗುರುಸ್ವಾಮಿಯ ಹೊಸ ಕಾರು ಬಂದು ನಿಂತಿತು. ಅದರೊಳಗೆ ಕೂತಿದ್ದ ನನ್ನ ಜಾತಿಯವನನ್ನು ನೋಡಿ ನನಗೆ ಉಸಿರೇ ನಿಂತಿತು. ಅವನ ಮೈಗೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ, ಕಾರಿನ ಹೊರಮೈಯದೇ ಕೆಂಪು. ಕಂಪನಿಯೇ ಹಾಕಿ ಕಳಿಸಿದ್ದು.

ಪುಟ್ಟಬುದ್ಧಪ್ಪನವರು ಕಾರನ್ನು ಸುತ್ತು ಹಾಕಿ, ಒಳಗೆ ಕೂತು, ಆ ಪಟ್ಟಿಯ ಮೇಲೆ ಕೈಯಾಡಿಸಿದರು. "ಒಳ್ಳೆ ಮಂಟಪ ಇದ್ದಂಗದೆ ಕನ್ರೀ ಗುರುಸ್ವಾಮಿಗಳೇ," ಅಂದರು. ಆಮೇಲೆ ಯಾರಿಗೂ ಅಲ್ಲವೆನ್ನುವ ಹಾಗೆ, "ನಮ್ ತೀರ್ಥನ್ನ ಇದ್ರಲ್ಲೇ ಕಳಿಸುದ್ರೆ ಎಂಗೆ ಅಂತ," ಎಂದು ಸೇರಿಸಿದರು.

"ಅಣ್ಣ, ನೀವೂ ಒಂದ್ಸಲ ಕೂತು ನೋಡಿ," ಎಂದು ಗುರುಸ್ವಾಮಿ ನಾಗಮಲ್ಲಪ್ಪನನ್ನು ಕರೆದ. ನಾಗಮಲ್ಲಪ್ಪ ಕೂತ, ಎದ್ದ, "ಚೆನ್ನಾಗದೆ" ಅಂದ. ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. ನಮ್ಮ ಕಾರಿಗೆ ಬಂದವನು ಬಾಗಿಲು ಹಾಕಿಕೊಂಡು ನನ್ನನ್ನು ದಿಟ್ಟಿಸಿದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ದಾರಿಯಲ್ಲಿ ವನಜಾಕ್ಷಿ, "ನಿಮಗ್ಯಾಕ್ರೀ ಸಪ್ಪೆ ಮುಖ? ಕಾರು ಯಾವ್ದಾದ್ರೇನು, ಹೋಗೋಳು ಹೆಣ್ಣು," ಅಂದಳು.

"ಹೋಗೋಳು ಹೆಣ್ಣೇ ಕನೇ. ಬಿಟ್ಟೋಗೋದು ನನ್ನ ಮರ್ಯಾದೆ," ಅಂದ ನಾಗಮಲ್ಲಪ್ಪ.

ಮಾರನೆಯ ವಾರವೇ ನಮ್ಮನ್ನು ಚೆಲುವಾಚಾರಿಯ ಶೆಡ್ಡಿಗೆ ತಂದ. ಚೆಲುವಾಚಾರಿ ಕಾರಿನ ಬಣ್ಣಕ್ಕೆ ಹೆಸರಾದವನು, ತನ್ನ ಕೈಯ ಬಗ್ಗೆ ತನಗೇ ಬಹಳ ಮೆಚ್ಚುಗೆ ಇಟ್ಟುಕೊಂಡವನು. ಬಾನೆಟ್ಟು, ಬಾಗಿಲು ಎಲ್ಲಕ್ಕೂ ಹೊಸದಾಗಿ ಅದೇ ದಾಳಿಂಬೆ ಕೆಂಪು ಹೊಡೆದ. ಯಥಾಪ್ರಕಾರ ನಾನು ಒಳಗೆ ಕೂತು ಕುದಿಯುತ್ತಿದ್ದೆ. ಆಗ ನಾಗಮಲ್ಲಪ್ಪ ಬಾಗಿಲು ತೆಗೆದು ನನ್ನ ಮೇಲೆ ಕೈ ಬಡಿದ.

"ಆಚಾರ್ರೇ, ಇದ್ಕೂ ಇದೇ ಬಣ್ಣ ಹೊಡೀರಿ."

"ಒಳಗಡೇಗಾ?"

"ಹೂಂ. ನಮ್ ಷಡ್ಕನ ಕಾರಲ್ಲಿ ಒಂದು ಪಟ್ಟಿ ಕೆಂಪದೆ. ನಂದ್ರಲ್ಲಿ ಪೂರ್ತಿ ಇರ್ಲಿ."

"ಅದ್ಕೇನಂತೆ, ಡಬ್ಬದಲ್ಲಿ ಮಿಕ್ಕದೆ. ತಗಡಾದ್ರೇನು, ಪ್ಲಾಸ್ಟಿಕ್ ಆದ್ರೇನು? ಬಣ್ಣದ ಗನ್ನು ಹಿಡಿಯೋ ಕೈ ನಂದೇ ಅಲ್ವಾ," ಅಂದ ಚೆಲುವಾಚಾರಿ.

ಆ ಮಾತು ಕೇಳಿ ನನಗಾದ ಸಂತೋಷ ಹೇಗೆ ಹೇಳಲಿ. ನಂದಿಯನ್ನು ಕಿತ್ತು ಪಕ್ಕಕ್ಕಿಟ್ಟರು. ಮುಳ್ಳು ತಿರುಗುವ ಮೀಟರಿಗೆಲ್ಲ ಪೇಪರ್ ಅಂಟಿಸಿದರು. ಮರಳು ಕಾಗದದಲ್ಲಿ ಉಜ್ಜಿ ನನ್ನ ಸುಕ್ಕು ತೆಗೆದರು. ನೋವಾಯಿತು, ಸಹಿಸಿಕೊಂಡೆ. ಮೊದಲ ಸಲ ಬಣ್ಣ ಬಿದ್ದಾಗ ಅದು ನನ್ನ ಮೈಯಲ್ಲಿ ನಿಲ್ಲಲಿಲ್ಲ. ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಂಡು ಸರಿಯಿತು. ವನಜಾಕ್ಷಿಯ ಕೊಬ್ಬರಿ ಎಣ್ಣೆ ಒಳಗಿನಿಂದ ಅದನ್ನು ತಳ್ಳುತ್ತಿತ್ತು.

"ಇದೇನೋ ಎಣ್ಣೆ ಕುಡ್ದದೆಯಲ್ಲ," ಎಂದು ಚೆಲುವಾಚಾರಿ ಗೊಣಗಿದ. ಆದರೂ ಕೈ ಬಿಡಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ, ಅದರ ಮೇಲೆ ಮತ್ತೊಂದು ಪದರ ಬಣ್ಣ ಹೊಡೆದ, ಆ ಮೀನುಗಣ್ಣೆಲ್ಲ ಮುಚ್ಚುವವರೆಗೂ ಹೊಡೆದ. ಕೊನೆಗೆ ಹೊರಗಿನ ಮೈಗೆ ಹಾಕುವ ಹೊಳಪಿನ ಲೇಪವನ್ನೂ ದಪ್ಪಗೆ ಹಾಕಿದ. ಪೇಪರ್ ಕಿತ್ತಾಗ ನಾನು ಗಾಜಿನಲ್ಲಿ ನನ್ನನ್ನೇ ನೋಡಿಕೊಂಡೆ. ಬಾನೆಟ್ಟಿಗೂ ನನಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಈಗ ಹೇಳು," ಅಂದೆ ಗಾಜಿನಾಚೆಗೆ. ಅದು ಏನೂ ಹೇಳಲಿಲ್ಲ. ಹೊಟ್ಟೆ ಉರಿದಿರಬೇಕು ಅಂದುಕೊಂಡು ಹಿಗ್ಗಿದೆ.

ನಾಗಮಲ್ಲಪ್ಪ ಸಂಜೆ ಮಬ್ಬಿನಲ್ಲಿ ಕಾರು ಮನೆಗೆ ತಂದವನು ಮದುವೆಯ ದಿನದವರೆಗೂ ಅದನ್ನು ಓಡಿಸಲಿಲ್ಲ. ಗೀರು ಬಿದ್ದೀತು ಎಂಬ ಭಯ. ಗಿರಣಿಯ ತಗಡಿನ ಶೆಡ್ಡಿನಲ್ಲಿ ನಾಲ್ಕೂ ಗಾಜು ಏರಿಸಿ ನಿಲ್ಲಿಸಿದ. ಹಿಟ್ಟು ಒಳಗೆ ಬರಬಾರದಲ್ಲ. ಮಧ್ಯಾಹ್ನದ ಕಾವಿಗೆ ನನ್ನ ಮೈಯಿಂದ ಘಾಟು ಏಳುತ್ತಿತ್ತು, ಅದು ಒಳಗೇ ಸುತ್ತುತ್ತಿತ್ತು. ಒಮ್ಮೆ ವನಜಾಕ್ಷಿ ಬಾಗಿಲು ತೆಗೆದು ಕೂತು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನನ್ನ ಮೇಲಿಟ್ಟ ಕೀ ಗೊಂಚಲು ಎತ್ತಲು ಹೋದರೆ ಅದು ಅಂಟಿಕೊಂಡಿತ್ತು.

"ತಲೆ ತಿರುಗ್ತದೆ ಕನ್ರೀ. ಇದೇನು ಘಾಟು?"

"ಹೊಸದಲ್ವಾ, ವಾಸನೆ ಇರ್ತದೆ. ಗುರುಸ್ವಾಮಿ ಕಾರಲ್ಲೂ ಹೊಸ ವಾಸನೆ ಇತ್ತು. ಆವಾಗ ಎಷ್ಟ್ ಚೆನ್ನಾಗದೆ ಅಂದೋಳು ನೀನೇ."

ಅವಳು ಗೊಂಚಲನ್ನು ಕಿತ್ತುಕೊಂಡು ಇಳಿದು ಹೋದಳು. ಮಾವನವರು ಬಂದು ನೋಡಿದರು. ಹೊರಗೆ ನೋಡಿ, ಒಳಗೆ ಇಣುಕಿ, ಹಿರಿಯ ಅಳಿಯ ಪಟ್ಟ ಪಾಡನ್ನು ಅರ್ಥ ಮಾಡಿಕೊಂಡರೋ ಏನೋ. "ಪದ್ಧತಿ ಯಾಕೆ ಬಿಡನ. ತೀರ್ಥ ಹಿರೀ ಅಳಿಯಂದ್ರ ಕಾರಲ್ಲೇ ಬರ್ಲಿ," ಅಂದರು. ಅವರು ಹೋದ ಮೇಲೆ ನಾಗಮಲ್ಲಪ್ಪ ನನ್ನ ಮುಂದೆ ಕೂತು ಒಬ್ಬನೇ ನಕ್ಕ. ನಾನೂ ನಕ್ಕೆ. ಹಾಗೆ ನೋಡಿದರೆ ನಾವಿಬ್ಬರೂ ಒಂದೇ ಒಲೆಯ ಮೇಲಿನ ಪಾತ್ರೆಗಳು.

ಮದುವೆ ಇದ್ದದ್ದು ನರಸೀಪುರದಲ್ಲಿ. ಮಾವ ಅತ್ತೆ ಗಂಡಿನ ಕಡೆಯವರನ್ನು ಎದುರುಗೊಳ್ಳಲು ಮುಂಚೆಯೇ ಹೋಗಿದ್ದರು. ಬೆಳಿಗ್ಗೆ ನಾವು ಹೊರಟೆವು. ಹಿಂದಿನ ಸೀಟಿನಲ್ಲಿ ಧಾರೆ ಸೀರೆ ಉಟ್ಟ ತೀರ್ಥ, ಅವಳ ಪಕ್ಕದಲ್ಲಿ ವನಜಾಕ್ಷಿ. ನಮ್ಮ ಹಿಂದೆಯೇ ಗುರುಸ್ವಾಮಿಯ ಕಾರು, ಅದರಲ್ಲಿ ಅವನು, ಸುಗುಣ. ನಾಗಮಲ್ಲಪ್ಪ ಕನ್ನಡಿಯಲ್ಲಿ ಹಿಂದಿನ ಕಾರನ್ನು ಆಗಾಗ ನೋಡಿ ಮೀಸೆ ಸವರಿಕೊಳ್ಳುತ್ತಿದ್ದ. ಷಡ್ಡಕ ಹಿಂದೆ, ತಾನು ಮುಂದೆ.

ಊರು ದಾಟಿ ನರಸೀಪುರದ ರಸ್ತೆ ಹಿಡಿದಾಗ ಸೂರ್ಯ ನೇರ ಎದುರಿಗೆ ಬಂದ. ಬಿಸಿಲು ಗಾಜು ದಾಟಿ ನನ್ನ ಮೇಲೆ ಬಿತ್ತು. ಬೂದು ಬಣ್ಣದವನಾಗಿದ್ದಾಗ ನಾನು ಬಿಸಿಲನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಈಗ ಅದು ನನ್ನ ಹೊಳಪಿಗೆ ತಾಗಿ ಚಿಮ್ಮಿ ಗಾಜಿಗೆ ಹಾರಿತು. ಗಾಜಿನ ತುಂಬ ನಾನೇ. ರಸ್ತೆ ಕಾಣುವ ಜಾಗದಲ್ಲಿ ನಾನು, ಮರ ಕಾಣುವ ಜಾಗದಲ್ಲಿ ನಾನು. ಎಲ್ಲಕ್ಕಿಂತ ದೊಡ್ಡ ಸಂಗತಿ, ಬಾನೆಟ್ಟು ಕಾಣುವ ಜಾಗದಲ್ಲೂ ನಾನೇ. ಇಷ್ಟು ವರ್ಷ ನನ್ನನ್ನು ದಾಟಿ ಆಚೆ ನೋಡುತ್ತಿದ್ದ ಕಣ್ಣುಗಳು ಈಗ ನನ್ನನ್ನು ಬಿಟ್ಟು ಬೇರೇನೂ ನೋಡಲಾರವು. ನನಗೆ ಸ್ವರ್ಗ ಮೂರೇ ಗೇಣು.

ನಾಗಮಲ್ಲಪ್ಪ ಕಣ್ಣು ಕಿರಿದು ಮಾಡಿದ. ಕತ್ತು ಎತ್ತಿದ, ಬಗ್ಗಿಸಿದ. ಹಿಂದೆ ತೀರ್ಥ, "ಭಾವ, ಗಾಜು ಇಳಿಸಿ, ಹೊಟ್ಟೆ ತೊಳಸ್ತದೆ," ಅಂದಳು. ಅವನು ಒಂದು ಕೈಯಲ್ಲಿ ಗಾಜು ಇಳಿಸುತ್ತಿದ್ದ. ರಸ್ತೆಯ ಅಂಚಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಕೆಟ್ಟು ನಿಂತಿತ್ತು. ಅದು ಅವನಿಗೆ ಕಂಡದ್ದು ಬಹಳ ಹತ್ತಿರ ಹೋದ ಮೇಲೆ. ಬ್ರೇಕು ಒತ್ತಿದ. ಕಾರು ಕಿರುಚಿಕೊಂಡು ಹೋಗಿ ಕಬ್ಬಿನ ಜಲ್ಲೆಗಳಿಗೆ ಮೂತಿ ಇಟ್ಟಿತು. ಬಾನೆಟ್ಟು ಮಡಚಿಕೊಂಡಿತು.

ಯಾರಿಗೂ ಏಟಾಗಲಿಲ್ಲ. ತೀರ್ಥಳ ಮುಡಿಯ ಹೂವು ಕೆದರಿತ್ತು, ಅಷ್ಟೇ. ಅವಳು ಬಾಗಿಲು ತೆಗೆದು ಕೆಳಗೆ ಬಗ್ಗಿ ವಾಂತಿ ಮಾಡಿದಳು. ವನಜಾಕ್ಷಿ ಅವಳ ಬೆನ್ನು ನೀವಿದಳು. ನಾಗಮಲ್ಲಪ್ಪ ಸ್ಟೇರಿಂಗ್ ಹಿಡಿದ ಕೈ ಬಿಡದೆ ಕೂತಿದ್ದ.

"ನಂಗೆ ರೋಡೇ ಕಾಣ್ಲಿಲ್ಲ ಕನೇ ವನಜಾ. ಬರೀ ಕೆಂಪು ಕಾಣ್ತು," ಅಂದ.

ಹಿಂದಿನ ಕಾರಿನಿಂದ ಗುರುಸ್ವಾಮಿ ಓಡಿ ಬಂದ. ಸುಗುಣ ಆಗಲೇ ತಮ್ಮ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದಿದ್ದಳು. ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು. ನಾಗಮಲ್ಲಪ್ಪ ತಾನೇ ಇಳಿದ. ಷಡ್ಡಕನ ಮುಖ ನೋಡದೆ ಕಬ್ಬಿನ ಕಡೆಗೆ ತಿರುಗಿಕೊಂಡು ಹೇಳಿದ, "ನೀವೇ ಕರ್ಕೊಂಡೋಗಿ ಗುರುಸ್ವಾಮಿಗಳೇ. ಮುಹೂರ್ತ ಮೀರ್ತದೆ."

ಗುರುಸ್ವಾಮಿ ನಮ್ಮ ಕಾರಿನೊಳಗೆ ತಲೆ ಹಾಕಿ ನನ್ನನ್ನು ನೋಡಿದ, ಗಾಜು ನೋಡಿದ. ನನ್ನ ಮೇಲೆ ಕೈಯಿಟ್ಟು ನೋಡಿಕೊಂಡ, ಬೆರಳಿಗೆ ಜಿಗುಟು ಹತ್ತಿತ್ತು. ಆಮೇಲೆ ತನ್ನ ಕಾರಿನ ಡಿಕ್ಕಿಗೆ ಹೋಗಿ, ಮದುವೆಮನೆಯಲ್ಲಿ ಹಿರಿಯರಿಗೆ ಹಾಸಲು ತಂದಿದ್ದ ಕರಿ ಕಂಬಳಿ ಎತ್ತಿಕೊಂಡು ಬಂದ.

"ಅಣ್ಣ, ಕಾರು ಓಡ್ತದಾ ನೋಡಿ."

ನಾಗಮಲ್ಲಪ್ಪ ಕೀ ತಿರುಗಿಸಿದ. ಓಡಿತು.

"ಹಂಗಾದ್ರೆ ಬಿಡಿ ಹೋಗವ. ಸುಗುಣ, ನಮ್ ಕಾರು ನೀನು ತಗೊಂಡ್ ಬಾ."

"ಬ್ಯಾಡ ಕನ್ರೀ," ಅಂದ ನಾಗಮಲ್ಲಪ್ಪ.

"ಪದ್ಧತಿ ನಿಮ್ದು. ನಾನ್ಯಾಕೆ ತಗೊಳ್ಳನ," ಎಂದು ಗುರುಸ್ವಾಮಿ ಮುಂದಿನ ಸೀಟಿನಲ್ಲಿ ಕೂತು, ಕಂಬಳಿ ಬಿಡಿಸಿ ನನ್ನನ್ನು ಪೂರ್ತಿ ಮುಚ್ಚಿದ. ನನ್ನ ನುಣುಪು ಮೈಮೇಲೆ ಅದು ನಿಲ್ಲದೆ ಜಾರುತ್ತಿತ್ತು. ಅವನು ಮುಂದಕ್ಕೆ ಬಾಗಿ ಎರಡೂ ಕೈ ಚಾಚಿ ಅದರ ಅಂಚುಗಳನ್ನು ಒತ್ತಿ ಹಿಡಿದ. ಔಷಧಿ ಅಂಗಡಿಯ ಯಜಮಾನ, ಜರಿ ಪೇಟ, ರೇಷ್ಮೆ ಅಂಗಿ, ಆ ಭಂಗಿಯಲ್ಲೇ ನರಸೀಪುರದವರೆಗೂ ಕೂತಿದ್ದ.

ನನಗೆ ಕತ್ತಲು. ಸ್ವಲ್ಪ ದೂರ ಹೋದ ಮೇಲೆ ನಾಗಮಲ್ಲಪ್ಪನ ಧ್ವನಿ ಕೇಳಿಸಿತು.

"ನಿಮ್ ಕಾರು ನೋಡಿ ಹೊಟ್ಟೆ ಉರ್ಕೊಂಡಿದ್ದೆ ಕನ್ರೀ. ಅದ್ಕೇ ಹಿಂಗ್ ಮಾಡ್ಸಿದ್ದು."

ಗುರುಸ್ವಾಮಿ ಜಾರಿದ ಕಂಬಳಿಯ ಅಂಚನ್ನು ಎಳೆದು ಮತ್ತೆ ಒತ್ತಿ ಹಿಡಿದ. ಆಮೇಲೆ ಹೇಳಿದ, "ನಂಗೇನ್ ಕಮ್ಮಿ ಉರಿ ಇತ್ತು ಅನ್ಕೊಂಡ್ರಾ ಅಣ್ಣ? ಆ ಮನೇಲಿ ನಿಮ್ಮುನ್ನ ಕೇಳ್ದೆ ಮಾವ ಒಂದು ಲೋಟ ಕಾಫೀನೂ ಕುಡಿಯಲ್ಲ. ನಾನೊಬ್ಬ ಅಳಿಯ ಇದೀನಿ ಅಂತ ಗೊತ್ತಾಗ್ಲಿ ಅಂತಾನೇ ಆ ಕಾರು ತಗೊಂಡಿದ್ದು."

ನಾಗಮಲ್ಲಪ್ಪ ನಗಲು ಶುರು ಮಾಡಿದ. ಗುರುಸ್ವಾಮಿಯೂ ನಕ್ಕ. ಅವನ ಕೈ ಅಲ್ಲಾಡಿ ಕಂಬಳಿ ನನ್ನ ಮೇಲೆ ಕುಣಿಯಿತು. ಹಿಂದಿನಿಂದ ತೀರ್ಥ, "ಭಾವಂದ್ರೇ, ಆಮೇಲೆ ನಗಿರಂತೆ. ಒಬ್ರಾದ್ರೂ ರೋಡ್ ನೋಡಿ," ಅಂದಳು.

ಮದುವೆಮನೆಯ ಬಾಗಿಲಲ್ಲಿ ಓಲಗ ಕೇಳಿಸಿತು. ಹೆಂಗಸರು ಆರತಿ ತಂದರು. ಮೂತಿ ಮಡಚಿದ ಬಾನೆಟ್ಟು ನೋಡಿ ಯಾರೋ, "ದೃಷ್ಟಿ ತಾಗ್ಬುಟ್ಟದೆ, ಹೆಣ್ಣಿಗೆ ಬಂದದ್ದು ಕಾರಿಗೆ ಹೋಯ್ತು," ಎಂದು ಅದಕ್ಕೆ ಕುಂಕುಮ ಇಟ್ಟು ಕಾಯಿ ಒಡೆದರಂತೆ. ಏಟು ತಿಂದರೂ ಪೂಜೆ ಅದಕ್ಕೇ. "ಇಬ್ರೂ ಅಳಿಯಂದ್ರು ಒಂದೇ ಕಾರಲ್ಲಿ ಬಂದ್ರಾ!" ಎಂದು ಪುಟ್ಟಬುದ್ಧಪ್ಪನವರ ಧ್ವನಿ. ಎಲ್ಲರೂ ಇಳಿದು ಒಳಗೆ ಹೋದರು. ನಾನು ಕಂಬಳಿಯಡಿ, ಬಿಸಿಲಿನಲ್ಲಿ, ನನ್ನದೇ ಘಾಟು ಕುಡಿಯುತ್ತ ಕೂತಿದ್ದೆ.

ಆ ಕಂಬಳಿಯನ್ನು ಗುರುಸ್ವಾಮಿ ವಾಪಸ್ ಕೇಳಲಿಲ್ಲ. ನಾಗಮಲ್ಲಪ್ಪ ಅದನ್ನು ನನ್ನ ಮೇಲಿಂದ ತೆಗೆಯಲೂ ಇಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದರಡಿ ನನ್ನ ಕೆಂಪು ಬಿರುಕು ಬಿಟ್ಟಿತು. ಎಣ್ಣೆ ಕುಡಿದ ಮೈ ಅದನ್ನು ಹಿಡಿದುಕೊಳ್ಳಲಿಲ್ಲ. ರೈಲ್ವೆ ಗೇಟಿನಲ್ಲಿ ಕಾಯುವಾಗ ನಾಗಮಲ್ಲಪ್ಪ ಕಂಬಳಿ ಸರಿಸಿ ಉಗುರಿನಿಂದ ಒಂದೊಂದೇ ಚಕ್ಕೆ ಎಬ್ಬಿಸುತ್ತಿದ್ದ, ಪಕ್ಕದಲ್ಲಿ ಗುರುಸ್ವಾಮಿ ಕೂತಿದ್ದರೆ ಅವನೂ ಆ ಬದಿಯಿಂದ ಎಬ್ಬಿಸುತ್ತಿದ್ದ. ಇಬ್ಬರೂ ಹಾಗೆ ಕಾರಿನಲ್ಲಿ ಜೊತೆಯಾಗಿ ಹೋಗುವುದು ಆಗ ಮಾಮೂಲಾಗಿತ್ತು. ಬಾನೆಟ್ಟನ್ನು ಮಾತ್ರ ತಟ್ಟಿ, ನೇರ ಮಾಡಿ, ಮತ್ತೆ ಬಣ್ಣ ಹೊಡೆಸಿದರು.

ಈಗ ನಾನಿರುವುದು ಮೈಸೂರಿನ ಒಂದು ಗುಜರಿ ಅಂಗಡಿಯ ಹಿತ್ತಲಲ್ಲಿ. ಕಾರನ್ನು ಬಿಚ್ಚಿದ ದಿನವೇ ಬಾನೆಟ್ಟಿಗೆ ಗಿರಾಕಿ ಬಂದ, ಎತ್ತಿಕೊಂಡು ಹೋದ. ಪ್ಲಾಸ್ಟಿಕ್ ಕೇಳುವವರಿಲ್ಲ. ಮೈಮೇಲೆ ಅರ್ಧ ಬೂದು, ಅರ್ಧ ಕೆಂಪು ಹೊತ್ತು ಗೋಡೆಗೆ ಒರಗಿದ್ದೇನೆ. ಬೆಕ್ಕೊಂದು ನನ್ನ ಗ್ಲೋವ್ ಬಾಕ್ಸಿನ ಗುಂಡಿಯಲ್ಲಿ ಮರಿ ಹಾಕಿದೆ.

ಹೊಟ್ಟೆಕಿಚ್ಚು ಹೋಗಿದೆಯೇ ಎಂದು ನೀವು ಕೇಳಬಹುದು. ಇಲ್ಲ. ಆದರೆ ಈಗ ಅದು ಬಾನೆಟ್ಟಿನ ಮೇಲಲ್ಲ, ನಾಗಮಲ್ಲಪ್ಪನ ಮೇಲೆ. ಆ ಬೆಳಿಗ್ಗೆ ನಾವಿಬ್ಬರೂ ಒಂದೇ ಉರಿ ಹೊತ್ತು ಹೊರಟವರು. ಅವನು ನಡುದಾರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ, ಪಕ್ಕದಲ್ಲಿ ಕೂತವನು ನನಗೂ ಇತ್ತು ಅಂದ, ಇಬ್ಬರೂ ನಕ್ಕು ಮದುವೆ ಊಟಕ್ಕೆ ಹೋದರು. ಬಾನೆಟ್ಟು ನನ್ನೆದುರಿಗೇ ಅಷ್ಟು ವರ್ಷ ಮಳೆಯಲ್ಲಿ ನೆನೆಯಿತು, ಬಿಸಿಲಲ್ಲಿ ಕಾಯಿತು. ಒಳಗೆ ನೆರಳಿನಲ್ಲಿ, ಮನೆಯವರ ಮಾತು ಕೇಳುತ್ತ ಕೂತ ನನ್ನನ್ನು ಗಾಜಿನಾಚೆಯಿಂದ ನೋಡಿ ಅದಕ್ಕೆ ಏನನಿಸುತ್ತಿತ್ತೋ. ನಾನು ಒಂದು ದಿನವೂ ಕೇಳಲಿಲ್ಲ.